ದುಡ್ಡು ಕೊಡದೆ ಆಡುವ ಮುನ್ನ

2017ರಲ್ಲಿ ಪಬ್‌ಜಿ ಆಟ ಕಂಪ್ಯೂಟರಿಗೆ ಬಂದಾಗ ಸ್ಟೀಮ್ ಎಂಬ ಆನ್‌ಲೈನ್ ಅಂಗಡಿಯಲ್ಲಿ ಅದಕ್ಕೆ 999 ರೂಪಾಯಿ ಬೆಲೆ ಇತ್ತು. ಆಡಬೇಕೆಂದರೆ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಇರುವ ಕಂಪ್ಯೂಟರ್ ಬೇರೆ ಬೇಕು. ಹಾಗಾಗಿ ನಮ್ಮ ಕಡೆ ಅದನ್ನು ಆಡಿದವರು ಕಡಿಮೆ. 2018ರ ಮಾರ್ಚ್‌ನಲ್ಲಿ ಅದರ ಮೊಬೈಲ್ ಆವೃತ್ತಿ ಪುಕ್ಕಟೆಯಾಗಿ ಬಂತು ನೋಡಿ, ಹಾಸ್ಟೆಲ್ ಕೋಣೆಯಿಂದ ಅರಳಿಕಟ್ಟೆಯವರೆಗೆ ಹುಡುಗರ ಬಾಯಲ್ಲಿ ಅದೇ ಮಾತು. ನೂರು ಜನ ಒಂದು ದ್ವೀಪಕ್ಕೆ ಇಳಿದು ಕೊನೆಗೆ ಉಳಿದವರು ಗೆಲ್ಲುವುದು ಎರಡರಲ್ಲೂ ಆಟದ ಜೀವಾಳ. ಆದರೆ ಬೆಲೆ ಸೊನ್ನೆಗೆ ಇಳಿದಿತ್ತು, ಜೇಬಿನಲ್ಲಿದ್ದ ಫೋನಿನಲ್ಲೇ ಆಟ ಓಡುತ್ತಿತ್ತು.

ಉಚಿತ ಆಟಗಳಿಗೆ ಜನ ಮುಗಿಬೀಳುವುದು ದುಡ್ಡು ಉಳಿಯುತ್ತದೆಂದೇ ಎಂದುಕೊಂಡರೆ ಅರ್ಧ ಮಾತ್ರ ಸರಿ. ಇನ್ನರ್ಧ ಕಾರಣ ಗೆಳೆಯರು. ನಾಲ್ಕು ಜನ ಸೇರಿ ಆಡುವ ಆಟದಲ್ಲಿ ಒಬ್ಬನಿಗೆ 999 ರೂಪಾಯಿ ಹೊಂದಿಸಲಾಗದಿದ್ದರೆ ಉಳಿದ ಮೂವರ ಆಟವೂ ಕೆಟ್ಟಂತೆಯೇ. ಬೆಲೆ ಇಲ್ಲದಿದ್ದಾಗ ತಂಡ ತಾನಾಗಿ ಕೂಡುತ್ತದೆ. ಫೋನಿನ ಶಕ್ತಿಯೂ ಅಷ್ಟೇ ಮುಖ್ಯ. ಫ್ರೀ ಫೈರ್ ಎಂಬ ಇನ್ನೊಂದು ಉಚಿತ ಆಟ ಭಾರತದಲ್ಲಿ ಅಷ್ಟು ಹರಡಿದ್ದಕ್ಕೆ ಅದು ಸಾಧಾರಣ ಫೋನಿನಲ್ಲೂ ತಡವರಿಸದೆ ಓಡುತ್ತಿದ್ದದ್ದು ದೊಡ್ಡ ಕಾರಣ. ಜೊತೆಗಾರರಿದ್ದಾರೆಯೇ, ಕೈಲಿರುವ ಫೋನಿನಲ್ಲಿ ಓಡುತ್ತದೆಯೇ ಎಂದು ನೋಡಿಕೊಂಡ ಮೇಲೆಯೇ ಆಡುವವರು ಚಿತ್ರದ ಅಂದ, ಕಥೆಯ ಆಳದ ಕಡೆಗೆ ಬರುವುದು.

ಸೊನ್ನೆ ಬೆಲೆ ನಮ್ಮ ಆಯ್ಕೆಯನ್ನೇ ತಿರುಗಿಸಿಬಿಡುತ್ತದೆ ಎಂಬುದಕ್ಕೆ ಪ್ರಯೋಗದ ಆಧಾರವೂ ಇದೆ. ಕ್ರಿಸ್ಟಿನಾ ಶಂಪಾನಿಯರ್, ನೀನಾ ಮಜಾರ್, ಡ್ಯಾನ್ ಏರಿಯಲಿ ಎಂಬ ಮೂವರು 2007ರಲ್ಲಿ ಪ್ರಕಟಿಸಿದ ಅಧ್ಯಯನ ಅದು. ದುಬಾರಿ ಲಿಂಟ್ ಚಾಕೊಲೇಟಿಗೆ 15 ಸೆಂಟ್, ಮಾಮೂಲಿ ಹರ್ಷೀಸ್ ಚಾಕೊಲೇಟಿಗೆ 1 ಸೆಂಟ್ ಇಟ್ಟಾಗ ಹೆಚ್ಚಿನವರು ಲಿಂಟ್ ಕೊಂಡರು. ಎರಡರ ಬೆಲೆಯನ್ನೂ ಒಂದೊಂದು ಸೆಂಟ್ ಇಳಿಸಿ 14 ಮತ್ತು ಸೊನ್ನೆ ಮಾಡಿದ ಕೂಡಲೇ ಹೆಚ್ಚಿನವರು ಹರ್ಷೀಸ್ ಕಡೆ ವಾಲಿದರು. ಬೆಲೆಗಳ ನಡುವಿನ ಅಂತರ ಎರಡೂ ಸಲ 14 ಸೆಂಟೇ. ಆಟದ ಅಂಗಡಿಯಲ್ಲಿ ನಾವು ಮಾಡುವುದೂ ಇದನ್ನೇ. ನಮಗೆ ಹಿಡಿಸದ ಆಟವನ್ನೂ ದುಡ್ಡಿಲ್ಲವೆಂಬ ಒಂದೇ ಕಾರಣಕ್ಕೆ ಇಳಿಸಿಕೊಳ್ಳುತ್ತೇವೆ, ನಮಗೆಂದೇ ಮಾಡಿದಂತಿರುವ ಆಟವನ್ನು 200 ರೂಪಾಯಿಗೆ ಹಿಂದೆ ಮುಂದೆ ನೋಡಿ ಬಿಟ್ಟುಬಿಡುತ್ತೇವೆ.

ನಿಮಗೆ ಯಾವ ಆಟ ಒಗ್ಗುತ್ತದೆ?

ಆದ್ದರಿಂದ ಬೆಲೆ ನೋಡುವ ಮೊದಲು ನಿಮ್ಮ ರುಚಿ ಯಾವುದೆಂದು ಗುರುತು ಹಾಕಿಕೊಳ್ಳಿ. ಇದಕ್ಕೆ ಹಳೆಯದಾದರೂ ಈಗಲೂ ಬಳಕೆಗೆ ಬರುವ ಒಂದು ದಾರಿ ಇದೆ. ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ 1978ರಲ್ಲಿ ರಾಯ್ ಟ್ರಬ್‌ಷಾ ಮತ್ತು ರಿಚರ್ಡ್ ಬಾರ್ಟಲ್ ಎಂಬ ವಿದ್ಯಾರ್ಥಿಗಳು ಹಲವರು ಒಟ್ಟಿಗೆ ಆಡಬಲ್ಲ ‘ಮಡ್’ ಎಂಬ ಆಟ ಕಟ್ಟಿದರು. ಚಿತ್ರವಿಲ್ಲ, ಬರೀ ಅಕ್ಷರ. ಇಂಥ ಆಟಗಳನ್ನು ಆಡುವವರನ್ನು ವರ್ಷಗಟ್ಟಲೆ ಗಮನಿಸಿದ ಬಾರ್ಟಲ್, 1996ರಲ್ಲಿ ಅವರನ್ನು ಇಸ್ಪೀಟೆಲೆಯ ನಾಲ್ಕು ಬಣ್ಣಗಳಂತೆ ನಾಲ್ಕು ಗುಂಪು ಮಾಡಿದರು. ಅಂಕ, ಪದವಿ, ಪದಕ ಕೂಡಿಹಾಕುವವರು ಡೈಮಂಡು. ಮೂಲೆ ಮೂಲೆ ತಡಕಿ ಹೊಸದು ಹುಡುಕುವವರು ಇಸ್ಪೀಟು. ಹರಟೆ, ಒಡನಾಟಕ್ಕೆಂದೇ ಬರುವವರು ಆಟೀನು. ಎದುರಿನವರನ್ನು ಸೋಲಿಸುವುದರಲ್ಲೇ ಸುಖ ಕಾಣುವವರು ಕಳಾವರು. ಯಾರೂ ಪೂರ್ತಿ ಒಂದೇ ಗುಂಪಿಗೆ ಸೇರುವುದಿಲ್ಲ, ಆದರೆ ಯಾವುದು ಮುಂದಾಗಿದೆ ಎಂಬುದು ನಿಮಗೇ ಗೊತ್ತಿರುತ್ತದೆ.

ಪುಕ್ಕಟೆ ಆಟಗಳ ವಿಷಯದಲ್ಲಿ ಈ ವಿಂಗಡಣೆಗೆ ಇನ್ನೊಂದು ಉಪಯೋಗವಿದೆ, ನನಗೆ ಅದೇ ಹೆಚ್ಚು ಮುಖ್ಯ. ನಿಮ್ಮ ರುಚಿ ಎಲ್ಲಿದೆಯೋ ನಿಮ್ಮ ಜೇಬಿಗೆ ಕೈ ಬೀಳುವುದೂ ಅಲ್ಲೇ. ಪದಕ ಕೂಡಿಹಾಕುವವರಿಗೆ ‘ಇನ್ನು ಮೂರೇ ಹಂತ ಬಾಕಿ’ ಎಂದು, ಹಂತ ದಾಟಿದಂತೆ ಬಹುಮಾನ ಕೊಡುವ ಬ್ಯಾಟಲ್ ಪಾಸ್ ಮಾರುತ್ತಾರೆ. ಒಡನಾಟ ಬಯಸುವವರಿಗೆ ಎಲ್ಲರೆದುರು ಮೆರೆಯುವ ಬಟ್ಟೆ, ಕುಣಿತ. ಗೆಲ್ಲಲೇಬೇಕೆನ್ನುವವರಿಗೆ ಬಲವಾದ ಆಯುಧ. ಹೊಸದು ಹುಡುಕುವವರಿಗೆ ಮುಚ್ಚಿದ ಪೆಟ್ಟಿಗೆ. ನಿಮ್ಮ ಗುಂಪು ಗೊತ್ತಿದ್ದರೆ ಯಾವ ಬಾಗಿಲಿಗೆ ಅಗುಳಿ ಹಾಕಬೇಕೆಂಬುದೂ ಗೊತ್ತಾಗುತ್ತದೆ.

ಆಟ ಉಚಿತ, ಉಳಿದದ್ದಕ್ಕೆ ಲೆಕ್ಕ

ಜಾತ್ರೆಗೆ ಟಿಕೆಟ್ ಇಲ್ಲ, ತೊಟ್ಟಿಲು ಹತ್ತಲು ಇದೆ. ದೊಡ್ಡ ಕಂಪನಿಗಳ ಉಚಿತ ಆಟಗಳು ನಡೆಯುವುದು ಈ ಬಗೆಯಲ್ಲಿ. 2007ರಲ್ಲಿ ದುಡ್ಡಿಗೆ ಮಾರಾಟವಾಗಿದ್ದ ಟೀಮ್ ಫೋರ್ಟ್ರೆಸ್ 2 ಆಟವನ್ನು ವಾಲ್ವ್ ಕಂಪನಿ 2011ರ ಜೂನ್‌ನಲ್ಲಿ ಉಚಿತ ಮಾಡಿತು. ಅಷ್ಟರಲ್ಲಿ ಆಟದೊಳಗಿನ ಟೋಪಿಗಳ ವ್ಯಾಪಾರವೇ ಜೋರಾಗಿತ್ತು. ಆಮೇಲೆ ಡೋಟಾ 2, ಫೋರ್ಟ್‌ನೈಟ್, ವ್ಯಾಲೊರಂಟ್ ಎಲ್ಲವೂ ಈ ಹಾದಿ ಹಿಡಿದವು.

ಇವುಗಳಲ್ಲಿ ಒಳ್ಳೆಯದನ್ನು ಆರಿಸಲು ನಾನು ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ: ಈ ಆಟ ಏನನ್ನು ಮಾರುತ್ತಿದೆ? ಬಟ್ಟೆಬರೆ, ಬಣ್ಣ ಮಾರಿದರೆ ತಕರಾರಿಲ್ಲ. ಡೋಟಾ 2ರಲ್ಲಿ ಎಲ್ಲ ಹೀರೋಗಳೂ ದುಡ್ಡಿಲ್ಲದೆ ಎಲ್ಲರಿಗೂ ಸಿಗುತ್ತಾರೆ, ದುಡ್ಡು ಕೊಟ್ಟವರಿಗೆ ಸಿಗುವುದು ಹೆಚ್ಚಾಗಿ ಅಲಂಕಾರ. ಅಲ್ಲಿ ಸೋತರೆ ಸೋಲು ನಿಮ್ಮ ಆಟದ್ದು. ಬಲವನ್ನು ಮಾರುವ ಆಟ ಬೇರೆ ಜಾತಿ. ದುಡ್ಡು ಸುರಿದವನ ಕೋಟೆ ಎತ್ತರ, ಕಾದು ಕೂತವನದು ಗಿಡ್ಡ. ಅಂಥ ಆಟದಲ್ಲಿ ಉಚಿತವಾಗಿ ಆಡುವವನು ದುಡ್ಡು ಕೊಟ್ಟವನ ಗೆಲುವಿಗೆ ಬೇಕಾದ ಎದುರಾಳಿಯಾಗಿ ಉಳಿದುಬಿಡುತ್ತಾನೆ, ಬಿಡುವುದೇ ಲೇಸು. ಮೂರನೆಯದು ಅದೃಷ್ಟ ಮಾರುವುದು. ಒಳಗೇನಿದೆ ಎಂದು ತೋರಿಸದೆ ಪೆಟ್ಟಿಗೆ ಮಾರುವ ಲೂಟ್ ಬಾಕ್ಸ್, ಬೇಕಾದ ಪಾತ್ರ ಬರುವತನಕ ಮತ್ತೆ ಮತ್ತೆ ಎಳೆಸುವ ಗಾಚಾ. ಬೆಲ್ಜಿಯಂನ ಜೂಜು ಆಯೋಗ 2018ರಲ್ಲೇ ದುಡ್ಡಿನ ಲೂಟ್ ಬಾಕ್ಸ್‌ಗಳನ್ನು ಜೂಜೆಂದು ಹೇಳಿತು. ಗೆನ್‌ಶಿನ್ ಇಂಪ್ಯಾಕ್ಟ್ ಆಟದ ಕಂಪನಿ 2025ರ ಜನವರಿಯಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಜೊತೆ 2 ಕೋಟಿ ಡಾಲರಿಗೆ ರಾಜಿಯಾಗಿ, 16 ವರ್ಷದೊಳಗಿನವರಿಗೆ ಹೆತ್ತವರ ಒಪ್ಪಿಗೆ ಇಲ್ಲದೆ ಲೂಟ್ ಬಾಕ್ಸ್ ಮಾರುವುದಿಲ್ಲವೆಂದು ಒಪ್ಪಿಕೊಂಡಿತು. ಗೆನ್‌ಶಿನ್‌ನ ಬೆಟ್ಟ ಕಣಿವೆಗಳ ಲೋಕ ನಿಜಕ್ಕೂ ಚೆಂದ, ಒಂದು ಪೈಸೆ ಕೊಡದೆ ಅದನ್ನೆಲ್ಲ ಸುತ್ತಿ ಬರಬಹುದು. ಆದರೂ ಅದೃಷ್ಟ ಮಾರುವ ಯಾವ ಆಟವೂ ಮಕ್ಕಳ ಫೋನಿನಲ್ಲಿ ಇರಬಾರದು ಎಂಬುದು ನನ್ನ ಗಟ್ಟಿ ನಿಲುವು.

ಆಟದೊಳಗಿನ ನಾಣ್ಯದ ಬಗ್ಗೆ ಹೆಚ್ಚು ಎಚ್ಚರ ಬೇಕು. ಪಬ್‌ಜಿ ಮೊಬೈಲಿನ ಭಾರತೀಯ ರೂಪವಾದ ಬಿಜಿಎಂಐನಲ್ಲಿ ಯುಸಿ, ಫೋರ್ಟ್‌ನೈಟ್‌ನಲ್ಲಿ ವಿ-ಬಕ್ಸ್, ಕ್ಲ್ಯಾಶ್ ಆಫ್ ಕ್ಲ್ಯಾನ್ಸ್‌ನಲ್ಲಿ ಜೆಮ್ಸ್. ರೂಪಾಯಿ ಒಮ್ಮೆ ನಾಣ್ಯವಾದ ಮೇಲೆ ಎಷ್ಟು ಖರ್ಚಾಯಿತೆಂಬ ಅಂದಾಜು ತಪ್ಪುತ್ತದೆ. ಮಾರುವ ನಾಣ್ಯದ ಕಟ್ಟು ಎಷ್ಟೋ ಸಲ ಬೇಕಾದ ವಸ್ತುವಿನ ಬೆಲೆಗೆ ಸರಿಹೊಂದುವುದಿಲ್ಲ. ಸ್ವಲ್ಪ ಉಳಿಯುತ್ತದೆ, ಆ ಉಳಿಕೆ ಮುಂದಿನ ಖರೀದಿಗೆ ಎಳೆಯುತ್ತದೆ. ಏನನ್ನೇ ಕೊಳ್ಳುವ ಮೊದಲು ಅದರ ಬೆಲೆಯನ್ನು ರೂಪಾಯಿಯಲ್ಲಿ ಒಂದು ಚೀಟಿಯ ಮೇಲೆ ಬರೆದು ನೋಡಿ. ‘950 ರೂಪಾಯಿಗೆ ಬಂದೂಕಿನ ಬಣ್ಣ’ ಎಂದು ನಿಮ್ಮ ಕೈಬರಹದಲ್ಲೇ ಕಂಡಾಗ ಬೇಕೋ ಬೇಡವೋ ಎಂಬುದು ಬೇಗ ತೀರ್ಮಾನವಾಗುತ್ತದೆ. ಬ್ಯಾಟಲ್ ಪಾಸ್‌ನಲ್ಲಿ ಇನ್ನೊಂದು ಬಲೆ. ದುಡ್ಡು ಕೊಟ್ಟ ಮೇಲೂ ಬಹುಮಾನ ಸಿಗಬೇಕಾದರೆ ಗಡುವಿನೊಳಗೆ ಆಡುತ್ತಲೇ ಇರಬೇಕು. ಪರೀಕ್ಷೆ ಇರುವ ತಿಂಗಳಲ್ಲಿ ಅದನ್ನು ಕೊಳ್ಳಲೇಬೇಡಿ. ಕೊಳ್ಳುವುದೇ ಆದರೆ ಮೊದಲು ಉಚಿತ ಹಂತಗಳನ್ನು ಆಡುತ್ತ ಹೋಗಿ, ಗಡುವು ಮುಗಿಯುವ ಹೊತ್ತಿಗೆ ಲೆಕ್ಕ ನೋಡಿ ಕೊಳ್ಳಿ. ಸಾಮಾನ್ಯವಾಗಿ ಅಷ್ಟರವರೆಗೆ ಗಳಿಸಿದ ಬಹುಮಾನಗಳೆಲ್ಲ ಆಗಲೂ ಸಿಗುತ್ತವೆ.

ಇಲ್ಲಿ ಕೊಂಡದ್ದು ಸರ್ವರ್ ಇರುವಷ್ಟು ದಿನ ಮಾತ್ರ ನಮ್ಮದು. ಪಬ್‌ಜಿ ಮೊಬೈಲನ್ನು 2020ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ನಿಷೇಧಿಸಿತು, ಅಕ್ಟೋಬರ್ 30ಕ್ಕೆ ಭಾರತದಲ್ಲಿ ಅದರ ಸರ್ವರ್ ನಿಂತಿತು. ಬದಲಿಗೆ 2021ರ ಜುಲೈನಲ್ಲಿ ಬಂದ ಬಿಜಿಎಂಐ ಕೂಡ 2022ರ ಜುಲೈನಲ್ಲಿ ಅಂಗಡಿಗಳಿಂದ ಮರೆಯಾಗಿ, 2023ರ ಮೇ ತಿಂಗಳಲ್ಲಿ ಮರಳಿತು. ಬಿಜಿಎಂಐ ಬಂದಾಗ 18 ವರ್ಷದೊಳಗಿನವರಿಗೆ ದಿನಕ್ಕೆ ಮೂರು ಗಂಟೆ ಆಟ, 7,000 ರೂಪಾಯಿ ಖರ್ಚು ಎಂಬ ಮಿತಿ ಇಟ್ಟಿದ್ದರು. ಒಂದು ದಿನಕ್ಕೆ ಏಳು ಸಾವಿರ! ಮಿತಿಯೇ ಅಷ್ಟಿದ್ದರೆ ಮನೆಯವರು ತಮ್ಮದೇ ಮಿತಿ ಹಾಕಿಕೊಳ್ಳುವುದು ಅನಿವಾರ್ಯ.

ಪೂರ್ತಿ ಆಟ, ಕೆಲವೇ ದಿನ

ದುಡ್ಡಿನ ಆಟವನ್ನೇ ಕೆಲವು ದಿನ ಪುಕ್ಕಟೆ ಹಂಚುವುದು ಇನ್ನೊಂದು ಬಗೆ. ಎಪಿಕ್ ಗೇಮ್ಸ್ ಸ್ಟೋರ್ 2018ರ ಡಿಸೆಂಬರ್‌ನಲ್ಲಿ ಶುರುವಾದಾಗಿನಿಂದ ಇದನ್ನು ಮಾಡುತ್ತ ಬಂದಿದೆ. 2020ರ ಮೇ ತಿಂಗಳಲ್ಲಿ ಜಿಟಿಎ 5 ಕೊಟ್ಟಾಗ ನೂಕುನುಗ್ಗಲಿಗೆ ಅವರ ಜಾಲತಾಣವೇ ಕುಸಿದಿತ್ತು. ಹೊಸ ಆಟ ಬರುವುದು ಗುರುವಾರ, ನಮ್ಮ ಗಡಿಯಾರದಲ್ಲಿ ರಾತ್ರಿ ಊಟದ ಹೊತ್ತು. ಖಾತೆ ಇದ್ದರೆ ಸಾಕು, ಕಾರ್ಡ್ ಬೇಕಿಲ್ಲ. ಪಡೆದದ್ದು ಖಾತೆಯಲ್ಲಿ ಉಳಿಯುತ್ತದೆ, ಕಂಪ್ಯೂಟರ್ ಆಮೇಲೆ ಕೊಂಡರೂ ಸರಿ. ಸ್ಟೀಮ್‌ನಲ್ಲಿ ‘ಫ್ರೀ ವೀಕೆಂಡ್’ ಎಂದಿದ್ದರೆ ಅದು ಆ ವಾರಾಂತ್ಯಕ್ಕಷ್ಟೇ. ನೂರಕ್ಕೆ ನೂರು ರಿಯಾಯಿತಿ ಎಂದಿದ್ದರೆ ಕಾಯಂ. ಸ್ಟೀಮ್‌ನಲ್ಲಿ ಕೊಂಡ ಆಟವನ್ನು 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಹಿಂದಿರುಗಿಸಿ ದುಡ್ಡು ಪಡೆಯಬಹುದು ಎಂಬುದೂ ನೆನಪಿರಲಿ.

ಆಡುವವರೇ ಕಟ್ಟಿದ ಆಟಗಳು

ಜಾಹೀರಾತಿನಲ್ಲಿ ಕಾಣದ, ಆದರೆ ಎಲ್ಲಕ್ಕಿಂತ ಮೊದಲು ಕೈಗೆತ್ತಿಕೊಳ್ಳಬೇಕಾದ ಆಟಗಳಿವು. ಇವುಗಳ ಮೂಲ ಕೋಡ್ ತೆರೆದಿದೆ. ಯಾರು ಬೇಕಾದರೂ ನೋಡಬಹುದು, ತಿದ್ದಬಹುದು, ಹಂಚಬಹುದು. ಹೆಚ್ಚಿನವುಗಳ ಒಳಗೆ ಮಾರಲು ಏನೂ ಇಲ್ಲ. ಆಟ ಇಷ್ಟಪಟ್ಟವರ ಶ್ರಮ ಮತ್ತು ದೇಣಿಗೆಯಲ್ಲಿ ನಡೆಯುತ್ತವೆ.

ಓಪನ್ ಟಿಟಿಡಿಯಿಂದ ಶುರುಮಾಡುತ್ತೇನೆ, ನನಗೆ ಅದರ ಮೇಲೆ ವಿಶೇಷ ಮಮತೆ. 1995ರಲ್ಲಿ ಕ್ರಿಸ್ ಸಾಯರ್ ‘ಟ್ರಾನ್ಸ್‌ಪೋರ್ಟ್ ಟೈಕೂನ್ ಡಿಲಕ್ಸ್’ ಎಂಬ ಆಟ ಮಾಡಿದ್ದರು. ಲುಡ್ವಿಗ್ ಸ್ಟ್ರಿಗೇಯಸ್ ಎಂಬ ಸ್ವೀಡನ್ನಿನ ಅಭಿಮಾನಿ ಅದರ ಒಳಗನ್ನು ಬಿಡಿಸಿ ನೋಡಿ, ಮತ್ತೆ ಬರೆದು, 2004ರಲ್ಲಿ ಎಲ್ಲರಿಗೂ ತೆರೆದಿಟ್ಟರು. ಒಂದು ಗಣಿಯಿಂದ ವಿದ್ಯುತ್ ಸ್ಥಾವರಕ್ಕೆ ಕಲ್ಲಿದ್ದಲು ಸಾಗಿಸುವ ಒಂದು ಹಳಿಯಿಂದ ಆಟ ಶುರು. ಎರಡನೇ ರೈಲು ಬಿಟ್ಟ ಕೂಡಲೇ ಸಿಗ್ನಲ್ ಎಲ್ಲಿಡಬೇಕೆಂಬ ಚಿಂತೆ, ಮೂರನೆಯದಕ್ಕೆ ಜಂಕ್ಷನ್ ಹೇಗೆ ಬಿಡಿಸಬೇಕೆಂಬ ಚಿಂತೆ. ನಿಮ್ಮದೇ ತಪ್ಪು ಸಿಗ್ನಲ್ಲಿಗೆ ಹತ್ತು ರೈಲು ಸಾಲಾಗಿ ನಿಂತದ್ದನ್ನು ಬಿಡಿಸಿ, ಅವು ಒಂದೊಂದಾಗಿ ಹೊರಟಾಗ ಸಿಗುವ ತೃಪ್ತಿ ಬೇರೆಲ್ಲೂ ಸಿಗದು. ಹತ್ತು ವರ್ಷ ಹಳೆಯ ಲ್ಯಾಪ್‌ಟಾಪಿನಲ್ಲೂ ಸಲೀಸಾಗಿ ಓಡುತ್ತದೆ, ಇಂಟರ್‌ನೆಟ್ ಬೇಕಿಲ್ಲ. ಶಾಲೆಯ ಕಂಪ್ಯೂಟರ್ ಕೋಣೆಗೆ ಹೇಳಿ ಮಾಡಿಸಿದ ಆಟ.

ಚದುರಂಗದಂತೆ ಯೋಚಿಸಿ ಆಡುವವರು ‘ಬ್ಯಾಟಲ್ ಫಾರ್ ವೆಸ್ನಾತ್’ ನೋಡಿ. ಡೇವಿಡ್ ವೈಟ್ 2003ರಲ್ಲಿ ಶುರುಮಾಡಿದ್ದು. ಆರು ಮೂಲೆಯ ಮನೆಗಳ ಹಾಸಿನ ಮೇಲೆ ಸರದಿಯಂತೆ ನಡೆಯುವ ಯುದ್ಧ. ಹಗಲು ರಾತ್ರಿ ಬದಲಾದಂತೆ ಬಲಾಬಲವೂ ಬದಲಾಗುತ್ತದೆ. ಕತ್ತಲಾದರೆ ಓರ್ಕ್ ಎಂಬ ರಾಕ್ಷಸರ ಕೈ ಮೇಲು, ಬೆಳಗಾದರೆ ಮನುಷ್ಯರದು. ಮುನ್ನುಗ್ಗುವುದಕ್ಕಿಂತ ಯಾವಾಗ ಹಿಂದೆ ಸರಿಯಬೇಕೆಂದು ತಿಳಿದವರು ಇಲ್ಲಿ ಗೆಲ್ಲುತ್ತಾರೆ. ಇತಿಹಾಸ ಇಷ್ಟವಿದ್ದರೆ ‘ಝೀರೋ ಎ.ಡಿ.’ ಇದೆ. ಗ್ರೀಕರು, ರೋಮನ್ನರು, ಪರ್ಷಿಯನ್ನರ ಜೊತೆಗೆ ಮೌರ್ಯರೂ ಅದರಲ್ಲಿ ಒಂದು ಪಕ್ಷ. ಚಂದ್ರಗುಪ್ತ, ಅಶೋಕ, ಚಾಣಕ್ಯ ನಾಯಕರು, ಯುದ್ಧಕ್ಕೂ ಆನೆ, ಕಟ್ಟಿಗೆ ಕಲ್ಲು ಹೊರಲೂ ಆನೆ. ಇದಕ್ಕೆ ಸ್ವಲ್ಪ ಗಟ್ಟಿ ಕಂಪ್ಯೂಟರ್ ಬೇಕು.

ಮನೆಯಲ್ಲಿ ಎಲ್ಲರೂ ಸೇರಿ ಆಡಲು ಸೂಪರ್‌ಟಕ್ಸ್‌ಕಾರ್ಟ್ ಎಂಬ ಕಾರ್ ರೇಸ್. ಕಂಪ್ಯೂಟರಿನಲ್ಲೂ ಆಂಡ್ರಾಯ್ಡ್ ಫೋನಿನಲ್ಲೂ ಜಾಹೀರಾತಿಲ್ಲದೆ ಓಡುತ್ತದೆ. ಮೈನ್‌ಕ್ರಾಫ್ಟ್ ಬೇಕೆಂದು ಹಟ ಹಿಡಿದ ಮಕ್ಕಳಿಗೆ ಲುವಾಂಟಿ ತೋರಿಸಿ. 2024ರ ಅಕ್ಟೋಬರ್ ತನಕ ಮೈನ್‌ಟೆಸ್ಟ್ ಎಂಬ ಹೆಸರಿನಲ್ಲಿದ್ದದ್ದು ಇದೇ. ಹತ್ತು ವರ್ಷದೊಳಗಿನ ಮಕ್ಕಳಿಗೆ ಜಿಕಾಂಪ್ರಿಸ್. ಎಣಿಕೆ, ಅಕ್ಷರ, ಗಡಿಯಾರ, ಒಗಟು ಎಲ್ಲ ಸೇರಿ ನೂರಕ್ಕೂ ಹೆಚ್ಚು ಪುಟ್ಟ ಆಟಗಳು. ಬಸ್ಸಿನಲ್ಲಿ ನೆಟ್‌ವರ್ಕ್ ಇಲ್ಲದಾಗ ಆಡಲು ಆಂಡ್ರಾಯ್ಡ್ ಫೋನಿಗೆ ಶ್ಯಾಟರ್ಡ್ ಪಿಕ್ಸೆಲ್ ಡಂಜನ್. ಅದರಲ್ಲಿ ಸತ್ತರೆ ಮೊದಲಿನಿಂದ ಶುರು, ನೆಲಮಾಳಿಗೆಯ ನಕ್ಷೆಯೂ ಪ್ರತಿ ಸಲ ಹೊಸದು.

ಚೆಸ್ ಆಡುವವರಿಗೆ ಲಿಚೆಸ್. ಥಿಬೊ ದುಪ್ಲೆಸಿ 2010ರಲ್ಲಿ ಕಟ್ಟಿದ ಇದು ಈಗ ಫ್ರಾನ್ಸಿನಲ್ಲಿ ನೋಂದಾಯಿತ ಲಾಭರಹಿತ ಸಂಸ್ಥೆ. ಜಾಹೀರಾತಿಲ್ಲ, ದುಡ್ಡು ಕೊಟ್ಟವರಿಗೆಂದು ಎತ್ತಿಟ್ಟ ಸೌಲಭ್ಯವಿಲ್ಲ. ಆಡಿದ ಪಂದ್ಯದಲ್ಲಿ ಎಲ್ಲಿ ಎಡವಿದಿರೆಂದು ಸ್ಟಾಕ್‌ಫಿಶ್ ಎಂಜಿನ್ ತೋರಿಸಿಕೊಡುತ್ತದೆ, ಒಗಟುಗಳಿಗೆ ಲೆಕ್ಕವಿಲ್ಲ. ತರಬೇತಿಗೆ ದುಡ್ಡು ಹೊಂದಿಸಲಾಗದ ಮಗುವಿಗೆ ಇದಕ್ಕಿಂತ ಒಳ್ಳೆಯ ಕೊಡುಗೆ ನನಗೆ ತಿಳಿದಿಲ್ಲ.

ಇನ್‌ಸ್ಟಾಲ್ ಒತ್ತುವ ಮೊದಲು

ಪ್ಲೇ ಸ್ಟೋರ್‌ನಲ್ಲಿ ಆಟದ ಹೆಸರಿನ ಬಳಿಯೇ ಸಣ್ಣಕ್ಷರದಲ್ಲಿ ಜಾಹೀರಾತು ಇದೆಯೇ, ಆ್ಯಪ್ ಒಳಗೆ ಖರೀದಿ ಇದೆಯೇ ಎಂದು ಬರೆದಿರುತ್ತದೆ. ವಿವರದ ಭಾಗ ತೆರೆದರೆ ಒಂದೊಂದು ಖರೀದಿಗೆ ಕನಿಷ್ಠ ಎಷ್ಟು, ಗರಿಷ್ಠ ಎಷ್ಟು ಎಂಬ ರೂಪಾಯಿ ಲೆಕ್ಕವೂ ಸಿಗುತ್ತದೆ. ಗರಿಷ್ಠ ಬೆಲೆ ಸಾವಿರಗಳಲ್ಲಿದ್ದರೆ ಆ ಆಟ ಯಾರಿಗಾಗಿ ಕಾದು ಕೂತಿದೆ ಎಂದು ತಿಳಿಯಿತು. ಒಂದು ಸ್ಟಾರ್, ಎರಡು ಸ್ಟಾರ್ ಕೊಟ್ಟವರ ಅನಿಸಿಕೆ ಓದಿ. ದುಡ್ಡಿನ ಕಾಟ ಎಲ್ಲಿ ಶುರುವಾಗುತ್ತದೆ ಎಂದು ಅವರು ನೇರವಾಗಿ ಹೇಳಿರುತ್ತಾರೆ. ಚೆಸ್ ಆಟ ನಿಮ್ಮ ಫೋನ್ ನಂಬರುಗಳ ಪಟ್ಟಿ ಕೇಳಿದರೆ ಕೊಡಬೇಡಿ. ತೆರೆದ ಕೋಡಿನ ಆಟಗಳಿಗೆ ಎಫ್-ಡ್ರಾಯ್ಡ್ ಎಂಬ ಬೇರೆ ಅಂಗಡಿಯೇ ಇದೆ.

ಫೋನ್ ಮಕ್ಕಳ ಕೈಗೆ ಹೋಗುವ ಮನೆಯಲ್ಲಿ ಇವತ್ತೇ ಮಾಡಬೇಕಾದ ಕೆಲಸ: ಪ್ಲೇ ಸ್ಟೋರ್ ಸೆಟ್ಟಿಂಗ್ಸ್‌ನಲ್ಲಿ ಪ್ರತಿ ಖರೀದಿಗೂ ದೃಢೀಕರಣ ಕೇಳುವಂತೆ ಮಾಡಿ. ಐಫೋನ್‌ನಲ್ಲಿ ಸ್ಕ್ರೀನ್ ಟೈಮ್ ಒಳಗೆ ಹೋಗಿ ಆ್ಯಪ್ ಒಳಗಿನ ಖರೀದಿಯನ್ನೇ ಮುಚ್ಚಬಹುದು. ಯುಪಿಐ ಪಿನ್ ಮಕ್ಕಳಿಗೆ ಗೊತ್ತಿರಬಾರದು. ಯುಪಿಐ ಆ್ಯಪ್‌ನಲ್ಲಿ ಆಟೋಪೇ ಪಟ್ಟಿ ತೆರೆದು ಬೇಡದ್ದನ್ನು ರದ್ದು ಮಾಡಿ. ಇದು ಮಕ್ಕಳ ಮೇಲಿನ ಅಪನಂಬಿಕೆಯೆಂದು ಭಾವಿಸಬೇಡಿ. ಫೋರ್ಟ್‌ನೈಟ್‌ನಲ್ಲಿ ಒಂದು ಗುಂಡಿ ಅರಿಯದೆ ಒತ್ತಿದರೂ ಖರೀದಿಯಾಗುವಂತೆ ಮಾಡಿದ್ದರೆಂಬ ದೂರಿನ ಮೇಲೆ ಎಪಿಕ್ ಕಂಪನಿ 2022ರ ಡಿಸೆಂಬರ್‌ನಲ್ಲಿ 24.5 ಕೋಟಿ ಡಾಲರ್ ಹಿಂದಿರುಗಿಸಲು ಒಪ್ಪಿತು. ದೊಡ್ಡವರೂ ಎಡವುವಂತೆ ಕಟ್ಟಿದ ಮೆಟ್ಟಿಲಲ್ಲಿ ಮಗು ಜಾರಿದರೆ ಬೈದು ಫಲವಿಲ್ಲ. ಅರಿಯದೆ ದುಡ್ಡು ಹೋಗಿದ್ದರೆ 48 ಗಂಟೆಯೊಳಗೆ ಗೂಗಲ್ ಪ್ಲೇನಲ್ಲಿ ರೀಫಂಡ್ ಕೇಳಿ. ತಡವಾದರೆ ಆಟದ ಕಂಪನಿಯನ್ನೇ ಕೇಳಬೇಕಾಗುತ್ತದೆ.

‘ಉಚಿತ ಡೈಮಂಡ್’, ‘ಅನ್‌ಲಿಮಿಟೆಡ್ ಯುಸಿ’ ಕೊಡುತ್ತೇವೆನ್ನುವ ಲಿಂಕು, ಆಟವನ್ನು ಹೊರಗಿನವರು ತಿದ್ದಿ ಹಂಚುವ ‘ಮಾಡ್ ಎಪಿಕೆ’ ಕಡತ, ಎರಡನ್ನೂ ಮುಟ್ಟಬೇಡಿ. ಆಟದ ನಾಣ್ಯ ಕಂಪನಿಯ ಸರ್ವರಿನಲ್ಲಿರುತ್ತದೆ, ಹೊರಗಿನವರು ಅದನ್ನು ಹುಟ್ಟಿಸಲಾರರು. ಅವರಿಗೆ ಬೇಕಿರುವುದು ನಿಮ್ಮ ಪಾಸ್‌ವರ್ಡ್, ಒಟಿಪಿ. ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ‘ಸೇರಲು ಉಚಿತ, ಗೆದ್ದರೆ ನಗದು’ ಎಂದು ಕರೆದು ಆಮೇಲೆ ಪಣ ಇಡಿಸುವ ಆ್ಯಪ್‌ಗಳೂ ಬೇಡ. ದುಡ್ಡಿನ ಪಣದ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಗೆ 2025ರ ಆಗಸ್ಟ್‌ನಲ್ಲಿ ಸಂಸತ್ತಿನ ಒಪ್ಪಿಗೆಯೂ ರಾಷ್ಟ್ರಪತಿಗಳ ಅಂಕಿತವೂ ಸಿಕ್ಕಿದೆ.

ತೆರೆದ ಆಟಗಳಲ್ಲಿ ಒಂದು ನಿಮಗೆ ಹಿಡಿಸಿತೆನ್ನಿ, ಅದಕ್ಕೆ ದುಡ್ಡಲ್ಲದೆ ಕೆಲಸವನ್ನೂ ಕೊಡಬಹುದು. ಕೋಡ್ ಬರೆಯಲು ಬರಬೇಕೆಂದಿಲ್ಲ. ಲಿಚೆಸ್‌ನ ಅನುವಾದ ಕ್ರೌಡಿನ್ ತಾಣದಲ್ಲಿ, ಲುವಾಂಟಿಯದು ವೆಬ್ಲೇಟ್‌ನಲ್ಲಿ ನಡೆಯುತ್ತದೆ. ಒಂದು ಖಾತೆ ತೆರೆದು ಭಾಷೆಗಳ ಪಟ್ಟಿಯಲ್ಲಿ ಕನ್ನಡ ಎಷ್ಟಾಗಿದೆ ನೋಡಿ. ಬಾಕಿ ಇರುವ ಸಾಲು ಎದುರಿಗೆ ಬರುತ್ತದೆ, ಪಕ್ಕದ ಖಾನೆಯಲ್ಲಿ ಕನ್ನಡ ಬರೆದು ಉಳಿಸಿದರೆ ಆಯಿತು. ಚದುರಂಗದ ಆನೆ, ಕುದುರೆ, ಒಂಟೆ, ಮಂತ್ರಿ ನಮಗೆ ಯಾರೂ ಹೇಳಿಕೊಡಬೇಕಾದ ಮಾತುಗಳಲ್ಲ.